ಕುರಿಹಟ್ಟಿಗೆ ಇಳಿದ ಸೂರ್ಯ

ಶಹಾಪುರದ ಬೆಟ್ಟಸಾಲು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ಕಾಣುತ್ತದೆ. ಭೀಮರಾಯನಗುಡಿಯ ಕಡೆಯ ರಸ್ತೆಯಲ್ಲಿ ಬರುವ ಪ್ರಯಾಣಿಕರು ಬಸ್ಸಿನ ಕಿಟಕಿಯಿಂದ ಬಾಗಿ, ಆ ಹಣೆ, ಆ ಮೂಗು, ಆ ವಿಶಾಲವಾದ ಎದೆಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದುಂಟು. ಬೆಟ್ಟದ ಮೇಲೆ ನೆಟ್ಟ ದೃಷ್ಟಿಯನ್ನು ತುಸು ಕೆಳಗಿಳಿಸಿ, ಸುಗ್ಗಿ ಮುಗಿದು ಬರಿದಾದ ಹೊಲಗಳತ್ತ ಹಾಯಿಸಿದವರಿಗೆ ಮತ್ತೊಂದು ನೋಟವೂ ದೊರೆಯುತ್ತದೆ. ನಾಲ್ಕು ಗೂಟಗಳ ಮೇಲೆ ಎತ್ತಿ ಕಟ್ಟಿದ ತಾಡಪತ್ರಿಯ ಗುಡಾರ, ಅದರ ಬದಿಯಲ್ಲಿ ಮೂರು ಕಲ್ಲಿನ ಒಲೆ, ಬಲೆಯ ಬೇಲಿಯೊಳಗೆ ತಾಯಿಗಾಗಿ ಕೂಗಿಡುತ್ತಿರುವ ಎಳೆಯ ಮರಿಗಳು, ಗೂಟಕ್ಕೆ ಕಟ್ಟಿದ ಹೇರಿನ ಕುದುರೆ. ಇವೆಲ್ಲ ಶತಮಾನಗಳಿಂದ ಇದ್ದಂತೆಯೇ ಇವೆ. ಗುಡಾರದ ನೆತ್ತಿಯ ಮೇಲೆ, ಊಟದ ತಟ್ಟೆಗಿಂತ ತುಸು ದೊಡ್ಡದಾದ ಕರಿನೀಲಿ ಬಣ್ಣದ ಗಾಜಿನ ಹಲಗೆಯೊಂದು ಬಿಸಿಲಿಗೆ ಥಳಥಳಿಸುತ್ತಿರುತ್ತದೆ. ಅದು ಮಾತ್ರ ಹೊಸದು.

ಪಟ್ಟಣಿಗರು ಅದನ್ನು ಸೌರಫಲಕವೆಂದಾರು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಅದು ಬರಿಯ ‘ಪ್ಲೇಟು’. ಕೈದೀಪಕ್ಕೆ ‘ಬ್ಯಾಟರಿ’ ಎಂದೂ ಅದರೊಳಗಿನ ಕೋಶಕ್ಕೆ ‘ಶೆಲ್ಲು’ ಎಂದೂ ಹೆಸರಿಟ್ಟುಕೊಂಡ ಜನರಿಗೆ ಈ ಹೊಸ ಪದವೂ ಭಾರವೆನಿಸಲಿಲ್ಲ.

ಕುರಿಗಾಹಿಯ ಬಾಳು ಅಲೆದಾಟದ ಬಾಳು. ನಗರದ ಕುಟುಂಬಗಳು ವರುಷಕ್ಕೊಮ್ಮೆ ಎರಡು ದಿನ ಗುಡಾರ ಹೂಡಿ ಬಯಲಲ್ಲಿ ತಂಗಿ, ಅದನ್ನು ವಿಹಾರವೆಂದು ಸಂತೋಷಪಡುತ್ತವೆ. ಕುರಿಗಾಹಿಗೆ ವರುಷದ ಬಹುಭಾಗ ಬಯಲೇ ಮನೆ. ಒಂದು ಹೊಲದಲ್ಲಿ ಎರಡು ರಾತ್ರಿ, ಇನ್ನೊಂದರಲ್ಲಿ ನಾಲ್ಕು ರಾತ್ರಿ ಎಂದು ಕುರಿ ತರುಬುತ್ತ, ಹಿಕ್ಕೆ ಗಂಜಲಗಳ ಗೊಬ್ಬರವನ್ನು ಭೂಮಿಗೆ ಬಿಟ್ಟು, ಹೊಲದೊಡೆಯನಿಂದ ಹಣವನ್ನೋ ಕಾಳುಕಡಿಯನ್ನೋ ಪಡೆದು ಮುಂದಕ್ಕೆ ಸಾಗುವುದು ಅವನ ಕ್ರಮ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದಮೇಲೆ ಶಹಾಪುರ ಸುರಪುರಗಳ ಕರಿನೆಲದಲ್ಲಿ ಭತ್ತದ ಬೆಳೆ ಹಬ್ಬಿತು. ಕೊಯ್ಲಾದ ಗದ್ದೆಯ ಕೂಳೆ ಕುರಿಗೆ ಮೇವಾಯಿತು. ಬೆಳೆ ನಿಂತಿರುವ ಕಾಲದಲ್ಲಿ ಮಂದೆ ಗುಡ್ಡ ಬೀಳುಗಳನ್ನು ಹುಡುಕಿಕೊಂಡು ಹೋಗಬೇಕು.

ಈ ಕ್ರಮ ಎಷ್ಟು ಹಳೆಯದೆಂಬುದಕ್ಕೆ ಈ ನೆಲದಲ್ಲಿಯೇ ಸಾಕ್ಷಿಯುಂಟು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು 1990ರ ಆಸುಪಾಸಿನಲ್ಲಿ ಉತ್ಖನನ ನಡೆಸಿ, ಅಲ್ಲಿಯ ಬೂದಿದಿಬ್ಬವು ನವಶಿಲಾಯುಗದ ಜನರು ದನಗಳನ್ನು ಕೂಡಿಹಾಕಿ, ಸಗಣಿಯನ್ನು ರಾಶಿಮಾಡಿ ಸುಟ್ಟ ದೊಡ್ಡಿಯ ಶೇಷವೆಂದು ತೋರಿಸಿಕೊಟ್ಟರು. ನಾಲ್ಕು ಸಾವಿರ ವರುಷಗಳಿಗೂ ಹಿಂದೆ ದನ ಕಾಯುವವರು ಇಲ್ಲಿ ಬೆಂಕಿಯ ಸುತ್ತ ಇರುಳು ಕಳೆದಿದ್ದರು. ಬೂದಿ ಎಂಬ ಮಾತು ಊರಿನ ಹೆಸರಿನಲ್ಲಿಯೇ ಉಳಿದುಕೊಂಡಿರುವುದು ಸೋಜಿಗವಲ್ಲವೇ?

ಹಟ್ಟಿಯ ಕಷ್ಟವೆಲ್ಲ ಇರುಳಿನದು. ಹಗಲಿನಲ್ಲಿ ಕುರಿ ಕಣ್ಣೆದುರಿಗಿರುತ್ತದೆ. ಇರುಳಿನಲ್ಲಿ ತೋಳ ಬರುತ್ತದೆ, ತೋಳಕ್ಕಿಂತ ಜಾಣನಾದ ಕಳ್ಳ ಬರುತ್ತಾನೆ. ಈಯುವ ಕುರಿಗಳು ಬಹುಮಟ್ಟಿಗೆ ಹೊತ್ತುಗೊತ್ತು ನೋಡುವುದಿಲ್ಲ. ಕಗ್ಗತ್ತಲೆಯಲ್ಲಿ ಮರಿ ಅಡ್ಡಲಾದರೆ ಬಿಡಿಸುವ ಕೈಗೆ ಬೆಳಕು ಬೇಕು. ಹುಲ್ಲು ಕೂಳೆಗಳ ನಡುವೆ ಬರಿಗಾಲಿನಲ್ಲಿ ಓಡಾಡುವವರಿಗೆ ಹಾವಿನ ಭಯ ಸದಾ ಇದ್ದದ್ದೇ. ಹಿಂದೆ ಇದಕ್ಕೆಲ್ಲ ಒಂದು ಕಂದೀಲು, ಎರಡು ಶೆಲ್ಲಿನ ಒಂದು ಬ್ಯಾಟರಿ. ಸೀಮೆಎಣ್ಣೆ ಗಾಳಿಗೆ ಆರುತ್ತಿತ್ತು. ಶೆಲ್ಲು ಹಳೆಯದಾದರೆ ಬೆಳಕು ಹಳದಿಯಾಗಿ, ಕೆಂಪಾಗಿ, ಬೇಕಾದ ಗಳಿಗೆಯಲ್ಲಿಯೇ ಕಣ್ಮುಚ್ಚುತ್ತಿತ್ತು. ಅದನ್ನು ಬಿಸಿಲಿಗಿಟ್ಟು ಇನ್ನೊಂದು ರಾತ್ರಿಯನ್ನು ಹಿಂಡಿಕೊಳ್ಳುತ್ತಿದ್ದ ಉಪಾಯವನ್ನು ಅನೇಕ ಓದುಗರು ತಮ್ಮ ಬಾಲ್ಯದಿಂದ ಬಲ್ಲರು.

ಆಮೇಲೆ ಮೊಬೈಲು ಬಂದಿತು. ಕುರಿಗಾಹಿಗೆ ಅದು ಒದಗಿಬಂದಷ್ಟು ಬೇರೆ ಯಾರಿಗೂ ಒದಗಿಬರಲಿಲ್ಲವೆಂದರೂ ತಪ್ಪಾಗದು. ಮನೆ ಒಂದೆಡೆ, ಮಂದೆ ಇನ್ನೊಂದೆಡೆ, ಮಕ್ಕಳು ಮತ್ತೆಲ್ಲೋ ವಸತಿನಿಲಯದಲ್ಲಿ ಎಂಬಂಥ ಸಂಸಾರಕ್ಕೆ ಅದೊಂದೇ ಕೊಂಡಿ. ಮುಂದಿನ ಊರಿನಲ್ಲಿ ಮೇವುಂಟೋ ಇಲ್ಲವೋ, ಯಾವ ರೈತ ಕುರಿ ತರುಬಿಸಿಕೊಳ್ಳುತ್ತಾನೆ, ಸಂತೆಯಲ್ಲಿ ಟಗರಿನ ಧಾರಣೆ ಏನು ಎಂಬುದಕ್ಕೆಲ್ಲ ಮೊದಲು ಒಬ್ಬ ಆಳು ಒಂದು ದಿನ ನಡೆಯಬೇಕಿತ್ತು. ಪಶುವೈದ್ಯರ ವಾಹನಕ್ಕೆ 1962, ಮನುಷ್ಯರ ಆಂಬುಲೆನ್ಸಿಗೆ 108 ಎಂಬ ಸಂಖ್ಯೆಗಳು ಕೈಗೆ ಬಂದವು. ಸರಕಾರದ ಪರಿಹಾರ ಪಡೆಯುವುದಕ್ಕೆ ಸತ್ತ ಕುರಿಯ ಮರಣೋತ್ತರ ಪರೀಕ್ಷೆ ನಡೆಯಬೇಕು. ಅದಕ್ಕೆ ವೈದ್ಯರನ್ನು ಹೊತ್ತಿಗೆ ಸರಿಯಾಗಿ ಕರೆಯಬೇಕು. ಹೀಗೆ ಒಂದು ಮಂದೆಯ ಹಣೆಬರಹವೇ ಎಷ್ಟೋ ವೇಳೆ ಆ ಪುಟ್ಟ ಯಂತ್ರದ ತುದಿಯ ಒಂದು ಗೆರೆ ಚಾರ್ಜನ್ನು ಅವಲಂಬಿಸಿತು.

ಆದರೆ ಬಯಲಿನಲ್ಲಿ ಚಾರ್ಜು ಎಲ್ಲಿಂದ ಬರಬೇಕು? ಊರಿಗೆ ನಡೆದು, ಅಂಗಡಿಯವನ ಕೈಯಲ್ಲಿ ಫೋನು ಕೊಟ್ಟು, ಅವನು ಕೇಳಿದ್ದನ್ನು ತೆತ್ತು, ಕರೆಂಟು ಇದ್ದರೆ ಸಂಜೆಗೆ ಹಿಂದಿರುಗಿ ತರಬೇಕು. ಇಲ್ಲವಾದರೆ ಬರಿಗೈಯಲ್ಲಿ ಬರಬೇಕು. ಅಷ್ಟು ಹೊತ್ತು ಹಟ್ಟಿಯಲ್ಲಿ ಒಂದಾಳು ಕಡಿಮೆ, ಫೋನೂ ಇಲ್ಲ. ಸಣ್ಣ ಪ್ಲೇಟು ಈ ತಾಪತ್ರಯವನ್ನು ತಪ್ಪಿಸಿತು. ಅದರ ಬೆಲೆಯೋ, ಒಂದು ಕುರಿಮರಿಯ ಬೆಲೆಗಿಂತ ಕಡಿಮೆ.

ಈ ಹಲಗೆಯ ಒಳಗುಟ್ಟೇನು? ಫ್ರಾನ್ಸಿನ ಎಡ್ಮಂಡ್ ಬೆಕೆರಲ್ ಎಂಬ ತರುಣ ವಿಜ್ಞಾನಿ 1839ರಲ್ಲಿಯೇ ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುವ ಚಮತ್ಕಾರವನ್ನು ಕಂಡಿದ್ದನು. ಕೆಲಸಕ್ಕೆ ಬರುವಂಥ ಸಿಲಿಕಾನ್ ಕೋಶವು ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದದ್ದು 1954ರಲ್ಲಿ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ 6 ಪಾಲನ್ನು ಮಾತ್ರ ಅದು ವಿದ್ಯುತ್ತಾಗಿಸಬಲ್ಲುದಾಗಿತ್ತು. ಇಂದಿನ ಒಳ್ಳೆಯ ಹಲಗೆಗಳು 20 ಪಾಲನ್ನು ಮುಟ್ಟುತ್ತವೆ. 1958ರಲ್ಲಿ ವ್ಯಾನ್‌ಗಾರ್ಡ್ ಉಪಗ್ರಹದ ಮೈಮೇಲೆ ಕುಳಿತು ಆಕಾಶಕ್ಕೇರಿದ ಈ ವಸ್ತು ಕುದುರೆಯ ಬೆನ್ನಿಗೆ ಇಳಿದು ಬರಲು ಅರ್ಧ ಶತಮಾನ ಬೇಕಾಯಿತು. ಭಾರತದಲ್ಲಿ ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1977ರಲ್ಲಿ ಮೊದಲ ಸೌರಕೋಶವನ್ನು ತಯಾರಿಸಿತು. ಕರ್ನಾಟಕದಲ್ಲಿ ಹರೀಶ್ ಹಂದೆಯವರು 1995ರಲ್ಲಿ ಸ್ಥಾಪಿಸಿದ ಸೆಲ್ಕೊ ಸಂಸ್ಥೆಯು ಬಡವರ ಮನೆಗೂ ಸೌರದೀಪ ಸಲ್ಲುವುದೆಂದು ತೋರಿಸಿತು. ಆ ಕಾರ್ಯಕ್ಕಾಗಿ ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.

ಸಿಲಿಕಾನಿನ ತೆಳುವಾದ ಬಿಲ್ಲೆಯ ಒಂದು ಮುಖಕ್ಕೆ ರಂಜಕವನ್ನೂ ಇನ್ನೊಂದಕ್ಕೆ ಬೋರಾನನ್ನೂ ಎಳ್ಳಷ್ಟು ಬೆರೆಸಿರುತ್ತಾರೆ. ಬೆಳಕಿನ ಕಣವು ಬಡಿದಾಗ ಸಡಿಲವಾದ ಇಲೆಕ್ಟ್ರಾನುಗಳು ಈ ಎರಡು ಪದರಗಳ ಗಡಿಯಲ್ಲಿ ಒಂದೇ ದಿಕ್ಕಿಗೆ ತಳ್ಳಲ್ಪಟ್ಟು ತಂತಿಯಲ್ಲಿ ಹರಿಯುತ್ತವೆ. ಒಂದು ಬಿಲ್ಲೆಯಿಂದ ದೊರೆಯುವುದು ಸುಮಾರು ಅರ್ಧ ವೋಲ್ಟ್. ಆದುದರಿಂದ 12 ವೋಲ್ಟಿನ ಬ್ಯಾಟರಿಗೆಂದು ಮಾಡಿದ ಹಲಗೆಯಲ್ಲಿ ಸಾಮಾನ್ಯವಾಗಿ 36 ಬಿಲ್ಲೆಗಳನ್ನು ಒಂದರ ಬಾಲಕ್ಕೊಂದು ಪೋಣಿಸಿರುತ್ತಾರೆ. ಸಾಲಾಗಿ ಪೋಣಿಸಿರುವುದರಿಂದಲೇ ಒಂದು ತೊಡಕೂ ಉಂಟು. ಕಾಲುವೆಯ ನಡುವೆ ಒಂದೆಡೆ ಹೂಳು ತುಂಬಿದರೆ ಕೊನೆಯಂಚಿನ ರೈತನ ಹೊಲಕ್ಕೆ ನೀರು ಬಾರದಂತೆ, ಒಂದೇ ಬಿಲ್ಲೆಯ ಮೇಲೆ ನೆರಳು ಬಿದ್ದರೂ ಇಡೀ ಹಲಗೆಯ ಹರಿವು ಕುಗ್ಗುತ್ತದೆ. ಗುಡಾರದ ಹಗ್ಗದ ನೆರಳು, ಒಣಹಾಕಿದ ಸೀರೆಯ ಅಂಚು, ಮೇಲೆ ಏರಿ ಕುಳಿತ ಕೋಳಿ ಇವೇ ಸಾಕು. ಹಟ್ಟಿಯ ಹೆಣ್ಣುಮಕ್ಕಳು ಈ ವಿಷಯವನ್ನು ಯಾವ ಪುಸ್ತಕವನ್ನೂ ಓದದೆ ತಿಳಿದುಕೊಂಡಿದ್ದಾರೆ. ಕೋಳಿಯನ್ನು ಅಟ್ಟುವ ಕೆಲಸ ಮಾತ್ರ ಮುಗಿಯುವುದಿಲ್ಲ.

ಇನ್ನು ತುಸು ಲೆಕ್ಕ. ಹತ್ತು ವ್ಯಾಟಿನ ಪ್ಲೇಟೆಂದರೆ ಪೂರ್ಣ ಬಿಸಿಲಿನಲ್ಲಿ ಹತ್ತು ವ್ಯಾಟ್ ಕೊಡುವಂಥದು. ಮುಂಜಾನೆಯ, ಸಂಜೆಯ ಓರೆಬಿಸಿಲನ್ನೆಲ್ಲ ಸೇರಿಸಿ ಎಣಿಸಿದರೆ, ಈ ಸೀಮೆಯ ಒಂದು ನಿರ್ಮಲ ದಿನವು ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮಾನ. ಅಂದರೆ ಗಳಿಕೆ 50 ವ್ಯಾಟ್-ಗಂಟೆ. ಧೂಳು, ಕಾವು, ವಾಲಿದ ಕೋನ, ತಂತಿಯ ಸೋರಿಕೆ ಎಂದು ಮೂರರಲ್ಲೊಂದು ಪಾಲನ್ನು ಕಳೆದರೆ ಕೈಗೆ ದಕ್ಕುವುದು ಸುಮಾರು 33. ನಾಲ್ಕು ಸಾವಿರ ಮಿಲಿ ಆಂಪೇರ್-ಗಂಟೆಯ ಮೊಬೈಲ್ ಬ್ಯಾಟರಿಯಲ್ಲಿ ಹಿಡಿಸುವುದು 15 ವ್ಯಾಟ್-ಗಂಟೆಯಾದರೂ, ದಾರಿಯ ನಷ್ಟವೂ ಸೇರಿ ಅದನ್ನು ತುಂಬಿಸಲು 20 ಬೇಕು. ಉಳಿದ ಹದಿಮೂರರಲ್ಲಿ ಎರಡು ವ್ಯಾಟಿನ ಒಂದು ದೀಪ ಐದಾರು ಗಂಟೆ ಉರಿಯಬಹುದು. ಒಂದು ಫೋನು, ಒಂದು ದೀಪ, ಒಂದು ರಾತ್ರಿ. ಹಟ್ಟಿಗೆ ಬೇಕಾದುದೂ ಅಷ್ಟೇ.

ಬಿಸಿಲು ಹೆಚ್ಚಾದಷ್ಟೂ ವಿದ್ಯುತ್ತು ಹೆಚ್ಚೆಂಬುದು ಎಲ್ಲರ ಎಣಿಕೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಯಾದಗಿರಿಯ ಉಷ್ಣಮಾನ 40 ಡಿಗ್ರಿಯನ್ನು ದಾಟುವುದು ವಾಡಿಕೆ. ಹಾಗಾದರೆ ಆಗ ಸುಗ್ಗಿಯೇ ಸುಗ್ಗಿಯಲ್ಲವೇ? ಅಲ್ಲ. ಹಲಗೆಗೆ ಬೇಕಾದುದು ಬೆಳಕು, ಕಾವಲ್ಲ. ಅದರ ವ್ಯಾಟನ್ನು ಅಳೆದು ಬರೆಯುವುದು 25 ಡಿಗ್ರಿಯಲ್ಲಿ. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಸುಮಾರು ನೂರಕ್ಕೆ 0.4ರಷ್ಟು ಶಕ್ತಿ ಕುಂದುತ್ತದೆ. ಮೇ ತಿಂಗಳ ಮಧ್ಯಾಹ್ನ ಕಾದ ತಾಡಪತ್ರಿಗೆ ಅಂಟಿಕೊಂಡ ಹಲಗೆ 65 ಡಿಗ್ರಿಗೇರಿದರೆ ನೂರಕ್ಕೆ 16 ಪಾಲು ಹೋದಂತೆಯೇ. ಆದುದರಿಂದ ಕೆಳಗೆ ಎರಡು ಕಲ್ಲನ್ನೋ ಕಟ್ಟಿಗೆಯನ್ನೋ ಇಟ್ಟು ಗಾಳಿಯಾಡುವಂತೆ ಮಾಡುವುದು ಜಾಣತನ. ಸಂಕ್ರಾಂತಿಯ ಹೊತ್ತಿನಲ್ಲಿ, ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಕುರುಬರೆಲ್ಲ ಹೊರಡುವ ಆ ತಂಪಾದ ಶುಭ್ರ ದಿನಗಳಲ್ಲಿ, ಸರಿಯಾಗಿ ವಾಲಿಸಿಟ್ಟ ಪ್ಲೇಟು ಬೇಸಿಗೆಯ ಪ್ಲೇಟಿಗಿಂತ ಬಹಳ ಹಿಂದೆ ಬೀಳುವುದಿಲ್ಲ.

ವಾಲಿಸುವುದೆಂದರೆ ಎತ್ತ, ಎಷ್ಟು? ಈ ಮೂರೂ ಊರುಗಳು ಹದಿನೇಳನೆಯ ಅಕ್ಷಾಂಶದ ಆಚೀಚೆ ಇವೆ. ಚಳಿಗಾಲದ ನಡುವೆ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ 50 ಡಿಗ್ರಿ ಎತ್ತರದಲ್ಲಿ ಮಾತ್ರ ನಿಲ್ಲುತ್ತಾನೆ; ಆಗ ಹಲಗೆಯ ಮುಖ ದಕ್ಷಿಣಕ್ಕೆ ಚೆನ್ನಾಗಿ ಬಾಗಿರಬೇಕು. ಮೇ ಮೊದಲ ವಾರದ ಕೊನೆಯಲ್ಲಿ ಅವನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆಗ ಹಲಗೆಯನ್ನು ಮಟ್ಟಸವಾಗಿ ಮಲಗಿಸಿದರೆ ಸಾಕು. ಸೂರ್ಯನ ಈ ಉತ್ತರ-ದಕ್ಷಿಣ ಯಾತ್ರೆಯನ್ನು ಗಮನಿಸುವುದು ಈ ನೆಲಕ್ಕೆ ಹೊಸದೇನಲ್ಲ. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನರು ಗುಂಡುಬಂಡೆಗಳನ್ನು ಅಡ್ಡಸಾಲು ಉದ್ದಸಾಲುಗಳಲ್ಲಿ ಚದುರಂಗದ ಮಣೆಯಂತೆ ಜೋಡಿಸಿಟ್ಟಿದ್ದಾರೆ. ಆ ಸಾಲುಗಳಿಗೂ ಅಯನ ತಿರುಗುವ ದಿನಗಳ ಸೂರ್ಯೋದಯ ಸೂರ್ಯಾಸ್ತಗಳಿಗೂ ನಂಟಿರಬಹುದೇ ಎಂದು ಖಗೋಳಶಾಸ್ತ್ರಜ್ಞರು ಈ ಶತಮಾನದಲ್ಲಿ ಅಳತೆ ಮಾಡಿ ನೋಡಿದ್ದಾರೆ. ಈ ಸೀಮೆಯ ಹಳೆಯ ಕಲ್ಲುಗಳನ್ನು ಕುರಿತು ಹಿಂದೆಯೇ ಬರೆದವನು ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದು, ಜನರಿಂದ ‘ಮಹಾದೇವ ಬಾಬಾ’ ಎನ್ನಿಸಿಕೊಂಡ ಈತ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆಗೆ ಇಂದಿಗೂ ಅವನದೇ ಹೆಸರು. ಅವನೂ ಗುಡಾರದ ಬಾಳನ್ನು ಬಲ್ಲವನೇ. ಆದರೆ ಅವನ ಗುಡಾರಕ್ಕೆ ಎಣ್ಣೆ ಹಾಕಲು ಆಳುಗಳಿದ್ದರು.

ಹಟ್ಟಿಯವರು ಮೊದಮೊದಲು ಮಾಡುತ್ತಿದ್ದ ಒಂದು ತಪ್ಪನ್ನು ನಗರದ ವಿಹಾರಿಗಳು ಇಂದೂ ಮಾಡುತ್ತಾರೆ. ಹಲಗೆಯ ಜೊತೆಗೆ ಫೋನನ್ನೂ ಬಿಸಿಲಿನಲ್ಲಿಯೇ ಇಡುವುದು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ಚಾರ್ಜು ಮಾಡುವುದು ಹಾನಿಕರ. ಅದು ಬೇಗ ಮುದಿಯಾಗುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಹಲಗೆ ಬಿಸಿಲಿನಲ್ಲಿರಲಿ, ತಂತಿ ಉದ್ದವಾಗಿರಲಿ, ಫೋನು ನೆರಳಿನಲ್ಲಿರಲಿ. ಇನ್ನೊಂದು ಮಾತು. ಮೋಡವೊಂದು ಹಾದುಹೋದಾಗಲೆಲ್ಲ ಹರಿವು ಕಡಿದು, ಫೋನು ಚಾರ್ಜು ತೆಗೆದುಕೊಳ್ಳುವುದನ್ನೇ ನಿಲ್ಲಿಸಿಬಿಡುವುದುಂಟು. ಹಗಲಿನಲ್ಲಿ ಪ್ಲೇಟಿನಿಂದ ಒಂದು ಪವರ್ ಬ್ಯಾಂಕನ್ನೋ ಸಣ್ಣ ಬ್ಯಾಟರಿಯನ್ನೋ ತುಂಬಿಸಿ, ಇರುಳು ಅದರಿಂದ ಫೋನಿಗೆ ಊಡುವುದು ಮೇಲು. ಬೆನ್ನುಚೀಲಕ್ಕೆ ನೇತುಹಾಕಿಕೊಂಡು ನಡೆಯುವ ಮಡಚು ಹಲಗೆಗಳನ್ನು ನಗರದ ಅಂಗಡಿಗಳಲ್ಲಿ ಬಹಳ ಹೊಗಳುತ್ತಾರೆ. ನಡೆಯುವವನ ಬೆನ್ನು ಸೂರ್ಯನಿಗೆ ಸದಾ ಎದುರಾಗಿರುವುದಿಲ್ಲವೆಂಬುದನ್ನು ಅಂಗಡಿಯವರು ಹೇಳುವುದಿಲ್ಲ. ತಂಗಿದ ಜಾಗದಲ್ಲಿ ನಾಲ್ಕು ಗಂಟೆ ಸರಿಯಾಗಿ ಬಿಚ್ಚಿಟ್ಟರೆ ದೊರೆಯುವುದು, ದಿನವೆಲ್ಲ ಬೆನ್ನ ಮೇಲೆ ತೂಗಾಡಿಸಿದರೆ ದೊರೆಯುವುದಕ್ಕಿಂತ ಬಹಳ ಹೆಚ್ಚು. ಬೋನಾಳದ ಕೆರೆಯ ಹಕ್ಕಿಗಳನ್ನು ನೋಡಲು ಮಕ್ಕಳೊಡನೆ ಸುರಪುರಕ್ಕೆ ಹೊರಡುವ ಕುಟುಂಬವು ಈ ಪಾಠವನ್ನು ದಾರಿಬದಿಯ ಯಾವ ಹಟ್ಟಿಯಲ್ಲಿಯಾದರೂ ಕಣ್ಣಾರೆ ಕಾಣಬಹುದು.

ಮಳೆಗಾಲ ಮಾತ್ರ ಕಠಿನ. ಮೂರು ದಿನ ಮೋಡ ಕವಿದರೆ ಪ್ಲೇಟಿನ ಗಳಿಕೆ ಕಾಲುಭಾಗಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಅದೇ ಕಾಲದಲ್ಲಿಯೇ ಕುರಿಗಳಿಗೆ ಕಾಲುಹುಣ್ಣು, ಮರಿಗಳಿಗೆ ಚಳಿ, ಹುಲ್ಲಿನಲ್ಲಿ ಹಾವು. ಬೆಳಕು ಹೆಚ್ಚು ಬೇಕಾದ ದಿನಗಳಲ್ಲಿಯೇ ಬೆಳಕು ಕಡಿಮೆ. ಆಗ ಹಟ್ಟಿಯಲ್ಲಿ ಬಿಗಿಯಾದ ಲೆಕ್ಕಾಚಾರ ನಡೆಯಬೇಕಾಗುತ್ತದೆ. ಇದ್ದ ಎರಡು ಫೋನುಗಳಲ್ಲಿ ಒಂದನ್ನು ಆರಿಸಿಡುವುದು. ಹಾಡು, ಚಿತ್ರಗಳಿಗೆ ರಜೆ. ದೀಪ ಮರಿಗಳ ಬಲೆಯ ಹತ್ತಿರ ಮಾತ್ರ. ಹುಡುಗರ ಮುಖ ಬಾಡುತ್ತದೆ. ಆದರೆ ನಡುರಾತ್ರಿ ಒಬ್ಬರಿಗೆ ಹಾವು ಕಚ್ಚಿದರೆ ಕರೆಯುವುದಕ್ಕೆ ಆ ಒಂದು ಗೆರೆ ಚಾರ್ಜು ಉಳಿದಿರಬೇಕೆಂಬುದು ಹಿರಿಯರಿಗೆ ಗೊತ್ತು. ಹಾವಿನ ವಿಷಕ್ಕೆ ಔಷಧವಿರುವುದು ಆಸ್ಪತ್ರೆಯಲ್ಲಿ; ಅಲ್ಲಿಗೆ ಎಷ್ಟು ಬೇಗ ತಲುಪಿದರೆ ಅಷ್ಟು ಜೀವ.

ಎಲ್ಲವೂ ಒಳಿತೇ ಎಂದರೆ ಸುಳ್ಳಾದೀತು. ಸಂತೆಗಳಲ್ಲಿ ಮಾರುವ ಅಗ್ಗದ ಹಲಗೆಗಳ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬರೆದ ವ್ಯಾಟು ಒಂದು, ಬಿಸಿಲಿನಲ್ಲಿ ದೊರೆಯುವುದು ಇನ್ನೊಂದು. ಕೊಳ್ಳುವವರು ಗಾತ್ರವನ್ನು ನೋಡಿ ಅಂದಾಜು ಮಾಡಬಹುದು. ಹತ್ತು ವ್ಯಾಟಿನ ನಿಜವಾದ ಹಲಗೆ ಒಂದು ಅಡಿ ಉದ್ದಗಲಕ್ಕಿಂತ ಬಹಳ ಸಣ್ಣದಾಗಿರಲಾರದು. ಅಂಗೈಯಗಲದ ಹಲಗೆಯ ಮೇಲೆ ‘ಹತ್ತು’ ಎಂದು ಬರೆದಿದ್ದರೆ ಅದು ಬರಿಯ ಬರೆಹ. ಅದಕ್ಕಿಂತ ದೊಡ್ಡ ಚಿಂತೆ ಸತ್ತ ಬ್ಯಾಟರಿಯದು. ಹಳೆಯ ಬಗೆಯ ಬ್ಯಾಟರಿಗಳಲ್ಲಿ ಸೀಸವೂ ಆಮ್ಲವೂ ಇರುತ್ತವೆ. ಒಡೆದುದನ್ನು ಹೊಲದ ಬದುವಿನಲ್ಲಿ ಎಸೆದು ಮುಂದಿನ ಊರಿಗೆ ನಡೆದರೆ, ಆ ಸೀಸ ಮಣ್ಣಿಗೂ ನೀರಿಗೂ ಸೇರುತ್ತದೆ. ಮಕ್ಕಳ ಮಿದುಳಿಗೆ ಸೀಸದಷ್ಟು ಕೆಟ್ಟದ್ದು ಕಡಿಮೆ. ಹಳೆಯ ಬ್ಯಾಟರಿಗಳನ್ನು ತಯಾರಕರು ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕೆಂದು 2022ರ ನಿಯಮಗಳು ವಿಧಿಸಿವೆ. ಅಲೆಮಾರಿಯ ಗುಡಾರದವರೆಗೆ ಆ ನಿಯಮ ನಡೆದು ಬರುವುದೆಂತು?

ಹೊರಗಿನ ಲೋಕದಲ್ಲಿಯೂ ಇದೇ ಕಥೆ ನಡೆದಿದೆ. ಮಂಗೋಲಿಯಾ ದೇಶದ ಹುಲ್ಲುಗಾವಲುಗಳಲ್ಲಿ ‘ಗೇರ್’ ಎಂಬ ಉಣ್ಣೆಬಟ್ಟೆಯ ಗುಡಾರಗಳಲ್ಲಿ ವಾಸಿಸುವ ಪಶುಪಾಲಕರಿಗೆಂದು ಅಲ್ಲಿಯ ಸರಕಾರ ಯೋಜನೆಯೊಂದನ್ನು ಹೂಡಿ, ವಿಶ್ವಬ್ಯಾಂಕಿನ ನೆರವನ್ನೂ ಪಡೆದು, 2012ರ ಹೊತ್ತಿಗೆ ಒಂದು ಲಕ್ಷ ಕುಟುಂಬಗಳಿಗೆ ಬಿಚ್ಚಿ ಕಟ್ಟಿ ಒಯ್ಯಬಹುದಾದ ಸೌರ ಸಲಕರಣೆಗಳನ್ನು ತಲುಪಿಸಿತು. ಅಲ್ಲಿ ಹೇರು ಹೊರುವುದು ಒಂಟೆ, ಇಲ್ಲಿ ಕುದುರೆ. ಅಲ್ಲಿ ಹಿಮ, ಇಲ್ಲಿ ಉರಿಬಿಸಿಲು. ಕರ್ನಾಟಕದ ವಿಧಾನಮಂಡಲವು 2025ರಲ್ಲಿ ವಲಸೆ ಕುರಿಗಾಹಿಗಳ ಕ್ಷೇಮಕ್ಕೂ ಅವರ ಮೇಲಿನ ದೌರ್ಜನ್ಯದ ತಡೆಗೂ ಮಸೂದೆಯೊಂದನ್ನು ಅಂಗೀಕರಿಸಿತು. ದೌರ್ಜನ್ಯ ನಡೆದ ರಾತ್ರಿ ದೂರು ಕೊಡುವುದಕ್ಕೂ ಮೊದಲು ಬೇಕಾಗುವುದು ಜೀವವಿರುವ ಒಂದು ಫೋನು.

ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಮಂದೆ ಹಟ್ಟಿಗೆ ಹಿಂದಿರುಗುತ್ತದೆ. ಧೂಳಿನ ಮೋಡದೊಳಗಿಂದ ಮರಿಗಳ ಕೂಗಿಗೆ ತಾಯಂದಿರ ಮರುಕೂಗು. ಗುಡಾರದ ಹೆಂಗಸು ಒಲೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಎದ್ದು ಪ್ಲೇಟನ್ನು ಇಳಿಸಿ, ಸೆರಗಿನಿಂದ ಗಾಜಿನ ಧೂಳನ್ನು ಒರೆಸಿ, ಕಂಬಳಿಯ ಮಡಿಕೆಯಲ್ಲಿ ಇಡುತ್ತಾಳೆ. ಬಲೆಯ ಗೂಟಕ್ಕೆ ದೀಪ ನೇತುಬೀಳುತ್ತದೆ. ದೂರದ ವಸತಿನಿಲಯದಲ್ಲಿ ಊಟದ ಗಂಟೆ ಹೊಡೆಯುವುದಕ್ಕೆ ಮೊದಲೇ ಮಗಳಿಗೆ ಫೋನು ಮಾಡಬೇಕು. ಮೊದಲ ಗಳಿಗೆಯಲ್ಲಿ ಆ ಕಡೆಯಿಂದ ಕೇಳಿಬರುವುದು ಬಹುಶಃ ಒಂದೇ ಪ್ರಶ್ನೆ: ಯಾವ ಕುರಿ ಈದಿತು?